ಸೀ ಬೇಡ ಎನ್ನುವ ಹುಡುಗ

ಪಟ್ಟನಾಯಕನಹಳ್ಳಿಯ ನಮ್ಮ ಅಜ್ಜಿಮನೆಯಲ್ಲಿ ಯುಗಾದಿ ದಿನ ಒಂದು ಜಗಳ ಇದ್ದೇ ಇರುತ್ತಿತ್ತು. ಎಲ್ಲರ ಎಲೆಗೂ ಹೋಳಿಗೆ ಬಿದ್ದು, ಮೇಲೆ ತುಪ್ಪ ಸುರಿದಾಗಿರುತ್ತದೆ. ಚಿಕ್ಕಮ್ಮನ ಮಗ ಪುಟ್ಟ ಮಾತ್ರ ಹೋಳಿಗೆಯನ್ನು ಎಲೆಯ ತುದಿಗೆ ತಳ್ಳಿ, ಎದ್ದು ಅಡುಗೆಮನೆಗೆ ಹೋಗಿ, ಡಬ್ಬದಿಂದ ಹುರಿದ ಕಡ್ಲೆಕಾಯಿ ಬೀಜ ಜೇಬಿಗೆ ತುಂಬಿಕೊಂಡು ಬರುತ್ತಿದ್ದ. ‘ಹಬ್ಬದ ದಿನ ಸೀ ಬ್ಯಾಡ ಅಂತಾನಲ್ಲ, ಇವನ ನಾಲಿಗೆಗೆ ಏನಾಗೈತೆ?’ ಎಂದು ಅಜ್ಜಿ ಬಯ್ಯುತ್ತಿದ್ದರು. ಚಿಕ್ಕಮ್ಮ ಒಂದು ತುಂಡನ್ನಾದರೂ ಬಾಯಿಗೆ ತುರುಕಲು ನೋಡುತ್ತಿದ್ದರು. ಅವನು ಹಲ್ಲು ಕಚ್ಚಿ ಕೂರುತ್ತಿದ್ದ.

ಮುದ್ದೆಯದ್ದೂ ಅದೇ ಕಥೆ. ಸಾರಿನಲ್ಲಿರುವ ಹುರುಳಿಕಾಳನ್ನೆಲ್ಲ ಹೆಕ್ಕಿ ತಿಂದು, ಮುದ್ದೆಯನ್ನು ಇಟ್ಟ ಹಾಗೇ ಬಿಟ್ಟು ಏಳುತ್ತಿದ್ದ. ಶಿರಾ, ಪಾವಗಡ, ಮಧುಗಿರಿ ಕಡೆಯ ಮನೆಯಲ್ಲಿ ಮುದ್ದೆ ಬೇಡ ಎನ್ನುವ ಮಗುವಿಗೆ ಏನು ಬಿರುದು ಸಿಗುತ್ತದೆ ಎಂದು ಬೇರೆ ಹೇಳಬೇಕಿಲ್ಲ. ಕೊಬ್ಬು ಜಾಸ್ತಿ ಎಂದರು, ಮುದ್ದು ಜಾಸ್ತಿ ಎಂದರು. ನಾನೂ ಎರಡು ಸಲ ಗದರಿಸಿದ್ದೇನೆ. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಅವನಿಗೆ ಐದು ವರ್ಷವಾಗಿದ್ದಾಗ ಒಮ್ಮೆ ಜ್ವರ, ವಾಂತಿ ಶುರುವಾಯಿತು. ಹತ್ತಿರದ ಒಂದು ಕ್ಲಿನಿಕ್ಕಿಗೆ ಕರೆದುಕೊಂಡು ಹೋದರು. ಮಗು ಏನೂ ತಿಂದಿಲ್ಲ, ಸುಸ್ತಾಗಿದೆ ಎಂದಾಗ ನಮ್ಮ ಕಡೆ ಏನು ಮಾಡುತ್ತಾರೋ ಅದನ್ನೇ ಮಾಡಿದರು, ಒಂದು ಬಾಟಲಿ ಗ್ಲೂಕೋಸ್ ಏರಿಸಿದರು. ಅವರದ್ದೇ ತಪ್ಪು ಎನ್ನಲಾರೆ. ನಾವೇ ತಾನೆ ‘ಒಂದ್ ಬಾಟ್ಲಿ ಹಾಕ್ಬಿಡಿ ಸಾರ್’ ಎಂದು ಕೇಳುವವರು? ಬಾಟಲಿ ಹಾಕದ ಡಾಕ್ಟರು ನಮ್ಮೂರ ಲೆಕ್ಕದಲ್ಲಿ ಡಾಕ್ಟರೇ ಅಲ್ಲ. ಆದರೆ ಸುಧಾರಿಸಬೇಕಾದ ಹುಡುಗ ಇನ್ನೂ ಮಂಕಾದ. ಮಾರನೇ ದಿನ ಕರೆದರೆ ಕಣ್ಣು ಬಿಡುವುದು, ಮತ್ತೆ ಮುಚ್ಚುವುದು. ಚಿಕ್ಕಮ್ಮನನ್ನೇ ಗುರುತಿಸದವನಂತೆ ನೋಡುವುದು. ರಾತ್ರೋರಾತ್ರಿ ಬೆಂಗಳೂರಿಗೆ ಹೊರಟರು.

ಬೆಂಗಳೂರಿನ ಆಸ್ಪತ್ರೆಯಲ್ಲಿ ರಕ್ತದ ಅಮೋನಿಯಾ ಹೆಚ್ಚಾಗಿದೆ ಎಂದರು, ಲಿವರಿನಲ್ಲಿ ಕೊಬ್ಬು ತುಂಬಿದೆ ಎಂದರು. ಹುಟ್ಟಿದಾಗ ಹೇಗಿದ್ದ ಎಂದು ಕೇಳಿದರು. ಆಗ ಎಲ್ಲರಿಗೂ ನೆನಪಾಯಿತು, ಪುಟ್ಟನಿಗೆ ಎಳೆಯ ಕೂಸಿದ್ದಾಗ ಕಾಮಾಲೆ ಬಂದು ಮೂರು ತಿಂಗಳಾದರೂ ಹೋಗಿರಲಿಲ್ಲ. ಔಷಧಿ, ಮಂತ್ರ, ಬೇರೆ ಹಾಲು ಎಲ್ಲ ನೋಡುವಷ್ಟರಲ್ಲಿ ತಾನಾಗಿಯೇ ವಾಸಿಯಾಗಿತ್ತು, ನಾವು ಮರೆತೂ ಬಿಟ್ಟಿದ್ದೆವು. ಆಮೇಲೆ ಡಾಕ್ಟರು ಕೇಳಿದ ಪ್ರಶ್ನೆಗೆ ಚಿಕ್ಕಮ್ಮ ಬೆಚ್ಚಿಬಿದ್ದರಂತೆ: ‘ಈ ಮಗುವಿಗೆ ಸಿಹಿ ಕಂಡರೆ ಆಗುವುದಿಲ್ಲವೇ? ಕಡಲೆಕಾಯಿ, ಕಾಳು ಜಾಸ್ತಿ ತಿನ್ನುತ್ತಾನಾ?’

ಕೆಲವು ವಾರಗಳ ನಂತರ ಜೀನ್ ಪರೀಕ್ಷೆಯ ವರದಿ ಬಂತು. ಸಿಟ್ರಿನ್ ಕೊರತೆ. ಜೀವಕೋಶದ ಮೈಟೊಕಾಂಡ್ರಿಯಾಕ್ಕೆ ಇರುವ ಒಂದು ಬಾಗಿಲು ಅವನಲ್ಲಿ ಹುಟ್ಟಿನಿಂದಲೇ ಕೆಲಸ ಮಾಡುತ್ತಿಲ್ಲ.

ನಾನು ಓದುತ್ತಿರುವುದು ಎಲೆಕ್ಟ್ರಿಕಲ್ ಎಂಜಿನಿಯರಿಂಗ್. ಬಯಾಲಜಿ ಬೇಡ ಎಂದೇ ಈ ಕಡೆ ಬಂದವಳು. ಆದರೆ ವಿಟಿಯು ನಾಲ್ಕನೇ ಸೆಮಿಸ್ಟರಿನಲ್ಲಿ ‘ಬಯಾಲಜಿ ಫಾರ್ ಎಂಜಿನಿಯರ್ಸ್’ ಎಂಬ ಪೇಪರ್ ಇಟ್ಟು ನಮ್ಮನ್ನು ಹಿಡಿದು ಹಾಕಿದೆ. ‘ಮೈಟೊಕಾಂಡ್ರಿಯಾ ಜೀವಕೋಶದ ಶಕ್ತಿಕೇಂದ್ರ’ ಎನ್ನುವ ಸಾಲನ್ನು ಎಂಟನೇ ಕ್ಲಾಸಿನಿಂದ ಬರೆದು ಮಾರ್ಕ್ಸ್ ತೆಗೆದುಕೊಂಡವಳು ನಾನು. ಪುಟ್ಟನ ವರದಿ ಕೈಗೆ ಬಂದ ಮೇಲೆ ಆ ಸಾಲು ಎಷ್ಟು ಪೊಳ್ಳು ಎಂದು ಗೊತ್ತಾಯಿತು. ಶಕ್ತಿಕೇಂದ್ರ, ಸರಿ. ಒಳಗೆ ಕಚ್ಚಾಮಾಲು ಹೋಗುವುದು ಹೇಗೆ? ತಯಾರಾದದ್ದು ಹೊರಗೆ ಬರುವುದು ಹೇಗೆ? ನಮ್ಮ ಪಕ್ಕದ ಪಾವಗಡದಲ್ಲಿ 13 ಸಾವಿರ ಎಕರೆಯಲ್ಲಿ 2,050 ಮೆಗಾವ್ಯಾಟಿನ ಸೋಲಾರ್ ಪಾರ್ಕ್ ಇದೆ. ಅಲ್ಲಿಂದ ಹೊರಡುವ ಲೈನುಗಳು, ಸಬ್‌ಸ್ಟೇಷನ್ನುಗಳು ಇಲ್ಲದಿದ್ದರೆ ಆ ಪ್ಯಾನೆಲ್‌ಗಳೆಲ್ಲ ಬಿಸಿಲಿಗೆ ಹಾಸಿದ ಗಾಜು, ಅಷ್ಟೆ. ಮೈಟೊಕಾಂಡ್ರಿಯಾದಲ್ಲೂ ಹಾಗೆಯೇ, ಆ ಲೈನಿನ ಕೆಲಸವನ್ನು ಸಾಗಣೆ ಪ್ರೋಟೀನುಗಳು ಮಾಡುತ್ತವೆ.

ಅದಕ್ಕೆ ಎರಡು ಪೊರೆಗಳಿವೆ. ಹೊರಗಿನದರಲ್ಲಿ ದೊಡ್ಡ ದೊಡ್ಡ ರಂಧ್ರಗಳಿದ್ದು ಸಣ್ಣ ಅಣುಗಳೆಲ್ಲ ಸಲೀಸಾಗಿ ಓಡಾಡುತ್ತವೆ. ಒಳಪೊರೆ ಹಾಗಲ್ಲ, ಸಕ್ಕರೆಯ ತುಣುಕಿರಲಿ, ಒಂದು ಪ್ರೋಟಾನ್ ಕೂಡ ಸುಮ್ಮನೆ ದಾಟುವಂತಿಲ್ಲ. ಇಷ್ಟು ಬಿಗಿ ಯಾಕೆ ಎಂಬುದು ನನ್ನ ಮೊದಲ ಪ್ರಶ್ನೆಯಾಗಿತ್ತು. ಉತ್ತರ ನಮ್ಮ ಬ್ರಾಂಚಿನದ್ದೇ: ವೋಲ್ಟೇಜ್. ಆಹಾರವನ್ನು ಸುಟ್ಟು ಬಂದ ಶಕ್ತಿಯಿಂದ ಮೈಟೊಕಾಂಡ್ರಿಯಾ ಪ್ರೋಟಾನುಗಳನ್ನು ಒಳಪೊರೆಯ ಹೊರಗೆ ಪಂಪ್ ಮಾಡುತ್ತದೆ. ಪೊರೆಯ ಎರಡೂ ಬದಿಗೆ ಸುಮಾರು 150ರಿಂದ 180 ಮಿಲಿವೋಲ್ಟ್ ವ್ಯತ್ಯಾಸ ಉಂಟಾಗುತ್ತದೆ. ಇಷ್ಟೇನಾ ಎನ್ನಬೇಡಿ. ಪೊರೆಯ ದಪ್ಪ ಐದಾರು ನ್ಯಾನೊಮೀಟರ್. ಭಾಗಿಸಿ ನೋಡಿದರೆ ಮೀಟರಿಗೆ ಸುಮಾರು 3 ಕೋಟಿ ವೋಲ್ಟ್ ಬರುತ್ತದೆ. ಒಣಗಾಳಿಯಲ್ಲಿ ಕಿಡಿ ಹಾರಲು ಮೀಟರಿಗೆ 30 ಲಕ್ಷ ವೋಲ್ಟ್ ಸಾಕು. ಕ್ಯಾಲ್ಕುಲೇಟರಿನಲ್ಲಿ ಎರಡು ಸಲ ಮಾಡಿ ನೋಡಿದೆ, ಅದೇ ಉತ್ತರ.

ಹೊರಗೆ ತುಂಬಿಕೊಂಡ ಪ್ರೋಟಾನುಗಳು ಒಳಗೆ ಮರಳುವಾಗ ಒಂದು ಪುಟಾಣಿ ಟರ್ಬೈನನ್ನು ತಿರುಗಿಸುತ್ತವೆ. ಹಾಗೆ ತಯಾರಾಗುವುದೇ ಎಟಿಪಿ, ದೇಹದ ಪ್ರತಿ ಕೆಲಸಕ್ಕೂ ಖರ್ಚಾಗುವ ಶಕ್ತಿಯ ಅಣು. 1961ರಲ್ಲಿ ಪೀಟರ್ ಮಿಚೆಲ್ ಇದನ್ನು ಹೇಳಿದಾಗ ಹೆಚ್ಚಿನವರು ನಂಬಲಿಲ್ಲ. 1978ರಲ್ಲಿ ಅವರಿಗೆ ನೊಬೆಲ್ ಬಂತು. ಈ ವ್ಯವಸ್ಥೆಯಲ್ಲಿ ಒಂದು ತೂತು ಬಿದ್ದರೂ ಚಾರ್ಜೆಲ್ಲ ಸೋರಿಹೋಗುತ್ತದೆ. ಆದ್ದರಿಂದ ಪೊರೆಯಲ್ಲಿ ತೂತು ಇರುವಂತಿಲ್ಲ, ಸಾಮಾನು ಮಾತ್ರ ಓಡಾಡಲೇಬೇಕು.

ಇದಕ್ಕೆ ಜೀವಕೋಶ ಕಂಡುಕೊಂಡ ಉಪಾಯ ಎರಡು ಬಾಗಿಲಿನ ಕೋಣೆ. ಹೊರಬಾಗಿಲು ತೆರೆದಾಗ ಒಳಬಾಗಿಲು ಮುಚ್ಚಿರುತ್ತದೆ. ತನಗೆ ಹೊಂದುವ ಅಣು ಬಂದು ಕೂತರೆ ಪ್ರೋಟೀನ್ ತನ್ನ ಆಕಾರ ಬದಲಿಸಿ, ಹೊರಬಾಗಿಲು ಮುಚ್ಚಿ, ಒಳಬಾಗಿಲು ತೆರೆಯುತ್ತದೆ. ಎರಡೂ ಒಟ್ಟಿಗೆ ಎಂದೂ ತೆರೆದಿರುವುದಿಲ್ಲ. ಜೊತೆಗೆ ಇವುಗಳಲ್ಲಿ ಬಹುಪಾಲು ವಿನಿಮಯದ ಬಾಗಿಲುಗಳು, ಒಬ್ಬರು ಇಳಿದರೆ ಒಬ್ಬರು ಹತ್ತಬೇಕು. ಶಕ್ತಿ ಯೋಜನೆ ಬಂದ ಮೇಲೆ ಶಿರಾ–ತುಮಕೂರು ಬಸ್ಸಿನಲ್ಲಿ ಈ ನಿಯಮ ಪಾಲನೆಯಾಗುವುದನ್ನು ನಾನು ಕಂಡಿಲ್ಲ, ಮೈಟೊಕಾಂಡ್ರಿಯಾದಲ್ಲಿ ಮಾತ್ರ ಚಾಚೂ ತಪ್ಪುವುದಿಲ್ಲ. ಖರ್ಚಾದ ಎಡಿಪಿ ಒಂದು ಒಳಗೆ, ಹೊಸ ಎಟಿಪಿ ಒಂದು ಹೊರಗೆ. ಒಬ್ಬ ಮನುಷ್ಯ ದಿನವೊಂದರಲ್ಲಿ ಬಳಸಿ, ಮತ್ತೆ ಚಾರ್ಜ್ ಮಾಡಿ, ಮತ್ತೆ ಬಳಸುವ ಎಟಿಪಿಯ ಲೆಕ್ಕ ಹಾಕಿದರೆ ಅದು ಹೆಚ್ಚುಕಡಿಮೆ ಅವನ ಮೈತೂಕದಷ್ಟಾಗುತ್ತದೆ. ಅದರಲ್ಲಿ ಬಹುಪಾಲು ಈ ಒಂದು ಬಾಗಿಲಿನಿಂದಲೇ ಹೋಗಬೇಕು.

ಬಾಗಿಲು ಮುಚ್ಚಿದರೆ ಏನಾಗುತ್ತದೆ ಎಂಬುದಕ್ಕೆ ಚೀನಾದ ಒಂದು ಘಟನೆ ಸಾಕು. 2020ರ ಅಕ್ಟೋಬರಿನಲ್ಲಿ ಹೈಲೊಂಗ್‌ಜಿಯಾಂಗ್ ಪ್ರಾಂತ್ಯದ ಜಿಕ್ಸಿಯಲ್ಲಿ ಒಂದು ಕುಟುಂಬ ಹುದುಗು ಬರಿಸಿದ ಮೆಕ್ಕೆಜೋಳದ ಶಾವಿಗೆ ಮಾಡಿ ಉಂಡಿತು. ತಿಂದ ಒಂಬತ್ತೂ ಜನ ತೀರಿಕೊಂಡರು. ಹಿಟ್ಟಿನಲ್ಲಿ ಬೆಳೆದಿದ್ದ ಬ್ಯಾಕ್ಟೀರಿಯಾ ಬಾಂಗ್‌ಕ್ರೆಕಿಕ್ ಆಮ್ಲ ಎಂಬ ವಿಷ ಮಾಡಿತ್ತು, ಕುದಿಸಿದರೂ ಅದು ಸಾಯುವುದಿಲ್ಲ. ಆ ವಿಷ ಈ ಎಟಿಪಿಯ ಬಾಗಿಲಿನೊಳಗೆ ಬೀಗದಂತೆ ಕೂರುತ್ತದೆ. ಅದೇ ಪಂಕ್ತಿಯಲ್ಲಿ ಕೂತಿದ್ದ ಮೂವರು ಚಿಕ್ಕವರು ಉಳಿದುಕೊಂಡರು. ಅವರಿಗೆ ರುಚಿ ಹಿಡಿಸದೆ ತಿಂದಿರಲಿಲ್ಲ. ಇದನ್ನು ಓದಿದಾಗ ಹಲ್ಲು ಕಚ್ಚಿ ಕೂತ ಪುಟ್ಟನ ಮುಖ ಕಣ್ಣ ಮುಂದೆ ಬಂತು. ಎರಡಕ್ಕೂ ಸಂಬಂಧವಿಲ್ಲ, ಗೊತ್ತು. ಆದರೂ ಬಂತು.

ಈ ಬಾಗಿಲುಗಳದ್ದು ಒಂದು ದೊಡ್ಡ ಕುಟುಂಬ, ಮನುಷ್ಯನಲ್ಲಿ 53 ಬಗೆ. ಸೈಟುಗಳಂತೆ ಅವಕ್ಕೂ ನಂಬರುಗಳಿವೆ. ಪುಟ್ಟನಲ್ಲಿ ಕೆಟ್ಟಿರುವುದು 13ನೇ ನಂಬರಿನದು, ಅದರ ಹೆಸರೇ ಸಿಟ್ರಿನ್. ಲಿವರಿನಲ್ಲಿ ಅದರ ಕೆಲಸ ಗ್ಲುಟಮೇಟ್ ಎಂಬ ಅಣುವನ್ನು ಒಳಗೆ ಬಿಟ್ಟು ಆಸ್ಪಾರ್ಟೇಟ್ ಎಂಬುದನ್ನು ಹೊರಗೆ ಕಳಿಸುವುದು. ಇಷ್ಟು ಸಣ್ಣ ಅದಲುಬದಲಿಗೂ ಹೋಳಿಗೆಗೂ ಏನು ಸಂಬಂಧ ಎಂದು ತಿಳಿಯಲು ನನಗೆ ಒಂದು ವಾರ ಹಿಡಿಯಿತು.

ಸಕ್ಕರೆ ಮೊದಲು ಒಡೆಯುವುದು ಮೈಟೊಕಾಂಡ್ರಿಯಾದ ಹೊರಗೆ. ಆಗ ಬಂದ ಎಲೆಕ್ಟ್ರಾನುಗಳನ್ನು ಎನ್‌ಎಡಿಎಚ್ ಎಂಬ ಅಣು ಹೊತ್ತುಕೊಳ್ಳುತ್ತದೆ. ಆದರೆ ಅದಕ್ಕೆ ಒಳಪೊರೆಯಲ್ಲಿ ಬಾಗಿಲಿಲ್ಲ. ಹೀಗಾಗಿ ತನ್ನ ಹೊರೆಯನ್ನು ಬೇರೊಂದು ಅಣುವಿಗೆ ದಾಟಿಸುತ್ತದೆ, ಆ ಅಣು ಒಳಗೆ ಹೋಗಿ ಇಳಿಸುತ್ತದೆ. ಎಪಿಎಂಸಿ ಗೋದಾಮಿಗೆ ಗೋಣಿಚೀಲದಲ್ಲಿ ಕಾಯಿ ಸಾಗಿಸಿದ ಹಾಗೆ ಎಂದುಕೊಳ್ಳಿ. ತುಂಬಿದ ಚೀಲ ಒಂದು ಬಾಗಿಲಿನಿಂದ ಒಳಗೆ ಹೋಗುತ್ತದೆ, ಖಾಲಿ ಚೀಲ ಇನ್ನೊಂದು ಬಾಗಿಲಿನಿಂದ ವಾಪಸ್ ಬರಬೇಕು. ಖಾಲಿ ಚೀಲ ಬರುವ ಬಾಗಿಲೇ ಸಿಟ್ರಿನ್. ಅದು ಕೆಟ್ಟರೆ ಸ್ವಲ್ಪ ಹೊತ್ತಿಗೆ ಹೊರಗೆ ಚೀಲಗಳೇ ಇರುವುದಿಲ್ಲ, ಕಾಯಿ ರಾಶಿ ರಾಶಿ ಬಿದ್ದಿರುತ್ತದೆ. ಸಕ್ಕರೆ ಸುಡುವ ಕೆಲಸ ತಡವರಿಸುತ್ತದೆ, ಉಳಿದದ್ದು ಲಿವರಿನಲ್ಲಿ ಕೊಬ್ಬಾಗುತ್ತದೆ. ಅಷ್ಟೇ ಅಲ್ಲ, ಅಮೋನಿಯಾವನ್ನು ಯೂರಿಯಾ ಮಾಡಿ ಹೊರಹಾಕಲು ಲಿವರಿಗೆ ಅದೇ ಆಸ್ಪಾರ್ಟೇಟ್ ಬೇಕು. ಅದು ಬರದಿದ್ದರೆ ಅಮೋನಿಯಾ ರಕ್ತದಲ್ಲಿ ಉಳಿದು ಮಿದುಳಿಗೆ ಏರುತ್ತದೆ.

ಈಗ ಕಡ್ಲೆಕಾಯಿ ನೋಡಿ. ಅದರಲ್ಲಿ ಕಾಲುಭಾಗ ಪ್ರೋಟೀನು, ಹತ್ತಿರ ಹತ್ತಿರ ಅರ್ಧ ಎಣ್ಣೆ, ಸಕ್ಕರೆ–ಪಿಷ್ಟ ಕಡಿಮೆ. ಎಣ್ಣೆ ಸುಡುವುದು ಮೈಟೊಕಾಂಡ್ರಿಯಾದ ಒಳಗೇ ನಡೆಯುವ ಕೆಲಸ. ಅದರ ಎಲೆಕ್ಟ್ರಾನುಗಳು ಒಳಗೇ ಹುಟ್ಟುತ್ತವೆ, ಈ ಕೆಟ್ಟ ಬಾಗಿಲಿನ ಹಂಗೇ ಇಲ್ಲ. ಪ್ರೋಟೀನಿನಿಂದ ಆಸ್ಪಾರ್ಟೇಟ್ ಕೂಡ ಸಿಗುತ್ತದೆ. ಯಾರೂ ಹೇಳಿಕೊಡದೆ, ಒಂದು ಅಕ್ಷರ ಓದದೆ, ಮೂರು ವರ್ಷದ ಹುಡುಗ ತನ್ನ ಲಿವರಿಗೆ ಬೇಕಾದ್ದನ್ನು ಡಬ್ಬದಿಂದ ಕದ್ದು ತಿನ್ನುತ್ತಿದ್ದ. ನಾವು ಬಡಿದು ಹೋಳಿಗೆ ತಿನ್ನಿಸಲು ನೋಡುತ್ತಿದ್ದೆವು.

ಇದನ್ನು ಬಿಡಿಸಿದವರು ಜಪಾನಿನ ಕಾಗೊಶಿಮಾ ವಿಶ್ವವಿದ್ಯಾಲಯದ ಕೆಯ್ಕೊ ಕೊಬಯಾಶಿ ಮತ್ತು ತಾಕೆಯೊರಿ ಸಾಹೆಕಿ. 1999ರಲ್ಲಿ ಅವರ ತಂಡ ಈ ಜೀನನ್ನು ಪತ್ತೆ ಮಾಡಿತು. ಜಪಾನಿನಲ್ಲಿ ಸುಮಾರು 65 ಜನರಲ್ಲಿ ಒಬ್ಬರು ಇದರ ಒಂದು ಕೆಟ್ಟ ಪ್ರತಿ ಹೊತ್ತಿರುತ್ತಾರೆ. ಅಲ್ಲಿನ ರೋಗಿಗಳಲ್ಲೂ ಅದೇ ಹಟ ಕಂಡಿದೆ: ಅನ್ನ ಬೇಡ, ಸಿಹಿ ಬೇಡ, ಕಾಳು, ಕಡಲೆಕಾಯಿ, ಮೊಟ್ಟೆ ಬೇಕು. ಗೊತ್ತಾಗದೆ ದೊಡ್ಡವರಾದ ಕೆಲವರು ಅಮೋನಿಯಾ ಏರಿ ಅಸಂಬದ್ಧ ಮಾತಾಡಿದಾಗ ಮಾನಸಿಕ ರೋಗಿಗಳೆಂದು ಚಿಕಿತ್ಸೆ ಪಡೆದದ್ದೂ ಇದೆ. ಹೆಚ್ಚು ಸಾಂದ್ರತೆಯ ಗ್ಲೂಕೋಸ್ ಡ್ರಿಪ್ ಇಂಥವರಿಗೆ ಅಪಾಯ ಎಂಬುದನ್ನೂ ಅಲ್ಲಿನ ವೈದ್ಯರು ಬರೆದಿಟ್ಟಿದ್ದಾರೆ. ಭಾರತದಲ್ಲಿ ವರದಿಯಾದ ಪ್ರಕರಣಗಳು ಕಡಿಮೆ. ಪುಟ್ಟನ ಸ್ಥಿತಿ ಕೆಟ್ಟದ್ದು ಆ ಒಂದು ಬಾಟಲಿಯಿಂದಲೇ ಎಂದು ಬೆಂಗಳೂರಿನ ಡಾಕ್ಟರು ಖಡಾಖಂಡಿತವಾಗಿ ಹೇಳಲಿಲ್ಲ, ಜ್ವರವೂ ಇತ್ತು ಎಂದರು. ಇನ್ನು ಮುಂದೆ ಮಾತ್ರ ಯಾರೇ ಹಾಕಲು ಬಂದರೂ ಮೊದಲು ಕೇಳಬೇಕು ಎಂದರು.

ನಾನು ಎಲ್ಲ ಅರ್ಥವಾಯಿತು ಎಂದುಕೊಂಡಿದ್ದೆ. ಮುಂದಿನ ತಪಾಸಣೆಗೆ ಚಿಕ್ಕಮ್ಮನ ಜೊತೆ ನಾನೇ ಹೋದೆ. ಕಾಯುವ ಬೆಂಚಿನಲ್ಲಿ ಪಕ್ಕದಲ್ಲೇ ಒಬ್ಬ ತಾಯಿ, ತೊಡೆಯ ಮೇಲೆ ಎರಡು ವರ್ಷದ ಹೆಣ್ಣುಮಗು. ಅವರದ್ದೂ ಮೈಟೊಕಾಂಡ್ರಿಯಾದ ಬಾಗಿಲಿನ ತೊಂದರೆಯೇ. ಚೀಟಿ ತೋರಿಸಿದರು: ಮಗುವನ್ನು ಹಸಿದಿರಲು ಬಿಡಬಾರದು, ವಾಂತಿಯಾಗಿ ಊಟ ನಿಂತರೆ ತಡಮಾಡದೆ ಆಸ್ಪತ್ರೆಗೆ ತಂದು ಗ್ಲೂಕೋಸ್ ಹಾಕಿಸಬೇಕು, ಎಣ್ಣೆ–ತುಪ್ಪ ಮಿತವಾಗಿರಬೇಕು. ಅಂದರೆ ನಮ್ಮ ಚೀಟಿಯ ತಲೆಕೆಳಗು.

ಆ ಮಗುವಿನಲ್ಲಿ ಕೆಟ್ಟಿರುವುದು ಕೊಬ್ಬು ಒಳಗೆ ಹೋಗುವ ದಾರಿ. ಉದ್ದನೆಯ ಕೊಬ್ಬಿನ ಅಣು ತಾನಾಗಿ ಒಳಪೊರೆ ದಾಟಲಾರದು, ಕಾರ್ನಿಟಿನ್ ಎಂಬ ಸಣ್ಣ ಅಣುವಿನ ಹೆಗಲೇರಿ ಅದರದ್ದೇ ಬಾಗಿಲಿನಿಂದ ಹೋಗಬೇಕು. 1905ರಲ್ಲಿ ಮಾಂಸದಲ್ಲಿ ಮೊದಲು ಸಿಕ್ಕಿದ್ದರಿಂದ ಅದಕ್ಕೆ ಮಾಂಸ ಎನ್ನುವ ಲ್ಯಾಟಿನ್ ಪದದಿಂದಲೇ ಹೆಸರು. ಕುರಿಮಾಂಸದಲ್ಲಿ ಧಾರಾಳವಾಗಿದೆ, ಕುರಿಸೀಮೆಯ ನಾವು ಹೆಮ್ಮೆ ಪಡಬಹುದು. ತಿನ್ನದವರೂ ಹೆದರಬೇಕಿಲ್ಲ, ದೇಹವೇ ತಯಾರಿಸಿಕೊಳ್ಳುತ್ತದೆ. ಈ ದಾರಿ ಕಟ್ಟಿದ್ದರೆ ಉಂಡಿರುವಷ್ಟು ಹೊತ್ತು ಮಗು ಆರಾಮ. ಹಸಿದಾಗ ದೇಹ ಕೊಬ್ಬಿಗೆ ಕೈ ಹಾಕುತ್ತದೆ, ಕೊಬ್ಬು ಒಳಗೆ ಹೋಗುವುದಿಲ್ಲ, ರಕ್ತದ ಸಕ್ಕರೆ ಕುಸಿಯುತ್ತದೆ. ರಾತ್ರಿ ಜ್ವರದಲ್ಲಿ ಉಣ್ಣದೆ ಮಲಗಿದ ಕೂಸು ಬೆಳಿಗ್ಗೆ ಏಳದೇ ಇರಬಹುದು.

ಒಂದೇ ‘ಶಕ್ತಿಕೇಂದ್ರ’, ಬೆಂಚೂ ಒಂದೇ. ಒಂದು ಮಗುವನ್ನು ಉಳಿಸುವ ಬಾಟಲಿಗೇ ಇನ್ನೊಂದು ಮಗು ಹೆದರಬೇಕು. ಯಾವ ಬಾಗಿಲು ಎಂದು ಗೊತ್ತಿಲ್ಲದೆ ತಟ್ಟೆಗೆ ಏನು ಬಡಿಸಬೇಕು ಎಂದು ಹೇಳಲಾಗದು. ಆ ತಾಯಿ ಪುಟ್ಟನ ಜೇಬಿನ ಕಡ್ಲೆಕಾಯಿ ನೋಡಿ ನಕ್ಕರು. ‘ನಮ್ಮದಕ್ಕೆ ಇದನ್ನ ಮುಟ್ಟಿಸಂಗಿಲ್ಲ’ ಎಂದರು.

ಈ ಬಾಗಿಲುಗಳನ್ನು ಒಳಪೊರೆಗೆ ಕೂರಿಸುವವರು ಯಾರು ಎಂಬುದು ಇನ್ನೊಂದು ಕಥೆ. ಮೈಟೊಕಾಂಡ್ರಿಯಾಕ್ಕೆ ಸ್ವಂತ ಡಿಎನ್‌ಎ ಇದೆ, ಆದರೆ ಮನುಷ್ಯನಲ್ಲಿ ಅದು ಮಾಡುವುದು 13 ಪ್ರೋಟೀನುಗಳನ್ನು ಮಾತ್ರ. ಉಳಿದ ಸಾವಿರಕ್ಕೂ ಹೆಚ್ಚು ಪ್ರೋಟೀನುಗಳು, ಸಿಟ್ರಿನ್ ಕೂಡ, ಹೊರಗೆ ತಯಾರಾಗಿ ಬರಬೇಕು. ಅಂದರೆ ಬಾಗಿಲುಗಳನ್ನು ಒಳಗೆ ತರಲೂ ಬೇರೆ ಬಾಗಿಲು ಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜೀವರಸಾಯನಶಾಸ್ತ್ರ ವಿಭಾಗದಲ್ಲಿ ಪ್ಯಾಟ್ರಿಕ್ ಡಿಸಿಲ್ವ ಅವರ ತಂಡ ವರ್ಷಗಳಿಂದ ಅಧ್ಯಯನ ಮಾಡುತ್ತಿರುವುದು ಪ್ರೋಟೀನುಗಳ ಈ ಒಳಪ್ರವೇಶವನ್ನೇ, ಅದೂ ಬ್ರೆಡ್ಡಿಗೆ ಹಾಕುವ ಯೀಸ್ಟಿನಲ್ಲಿ. ಯೀಸ್ಟಿಗೂ ನಮಗೂ ಈ ಯಂತ್ರ ಬಹುತೇಕ ಒಂದೇ. ನಮ್ಮೂರಿನಿಂದ ಎರಡೂವರೆ ಗಂಟೆ ದಾರಿಯಲ್ಲಿ ಹೀಗೊಂದು ಕೆಲಸ ನಡೆಯುತ್ತಿದೆ ಎಂದು ಇಷ್ಟು ವರ್ಷ ನನಗೆ ತಿಳಿದಿರಲಿಲ್ಲ.

ಬರೆಯಲು ಹಿಂಜರಿದದ್ದು ಒಂದಿದೆ. ಸಿಟ್ರಿನ್ ಕೊರತೆ ಬರಬೇಕಾದರೆ ತಂದೆ, ತಾಯಿ ಇಬ್ಬರಿಂದಲೂ ಕೆಟ್ಟ ಪ್ರತಿಯೇ ಬರಬೇಕು. ಒಂದು ಪ್ರತಿ ಇರುವವರಿಗೆ ಏನೂ ಆಗುವುದಿಲ್ಲ. ಚಿಕ್ಕಮ್ಮನ ಗಂಡ ಅವರ ಸೋದರಮಾವ, ನಮ್ಮ ಅಜ್ಜಿಯ ತಮ್ಮ. ಹೊಲ ಹೊರಗೆ ಹೋಗಬಾರದು ಎಂದು ಆದ ಮದುವೆ. 1980ರ ದಶಕದಲ್ಲಿ ಬೆಂಗಳೂರು, ಮೈಸೂರಿನ ಲಕ್ಷಕ್ಕೂ ಹೆಚ್ಚು ದಂಪತಿಗಳ ಮಾಹಿತಿ ಕಲೆಹಾಕಿದಾಗ ಹೆಚ್ಚುಕಡಿಮೆ ಮೂರರಲ್ಲಿ ಒಂದು ಮದುವೆ ಸಂಬಂಧದೊಳಗಿನದಾಗಿತ್ತು. ಆ ಅಧ್ಯಯನದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿ ರಾವ್ ಇದ್ದರು. ಸಂಬಂಧದಲ್ಲಿ ಮದುವೆಯಾದವರಿಗೆಲ್ಲ ಹೀಗಾಗುವುದಿಲ್ಲ, ಹೆಚ್ಚಿನವರ ಮಕ್ಕಳು ಚೆನ್ನಾಗೇ ಇರುತ್ತಾರೆ. ಆದರೆ ಅಜ್ಜಿಯ ಮನೆತನದ ಒಂದು ಕೆಟ್ಟ ಪ್ರತಿ ಎರಡೂ ಕಡೆಯಿಂದ ಬಂದು ಪುಟ್ಟನಲ್ಲಿ ಸೇರಿದೆ ಎಂದು ಡಾಕ್ಟರು ಕಾಗದದ ಮೇಲೆ ಗೆರೆ ಎಳೆದು ತೋರಿಸಿದಾಗ ಚಿಕ್ಕಮ್ಮ ಮಾತಾಡಲಿಲ್ಲ. ಬಸ್ಸಿನಲ್ಲಿ ನೆಲಮಂಗಲ ದಾಟಿದ ಮೇಲೆ ಕೇಳಿದರು, ‘ಇನ್ನೊಂದು ಮಗು ಆದರೆ?’ ಪ್ರತಿ ಸಲವೂ ನಾಲ್ಕರಲ್ಲಿ ಒಂದು ಎಂದೆ. ಪ್ರಾಬಬಿಲಿಟಿಯಲ್ಲಿ ನನಗೆ ಒಳ್ಳೆಯ ಮಾರ್ಕ್ಸ್ ಬಂದಿದೆ. ಆ ಉತ್ತರ ಹೇಳಿದಷ್ಟು ಕಷ್ಟದಲ್ಲಿ ಬೇರಾವ ಉತ್ತರವನ್ನೂ ಹೇಳಿಲ್ಲ. ಗರ್ಭದಲ್ಲೇ ಪರೀಕ್ಷೆ ಮಾಡಲು ಬರುತ್ತದೆ, ಮೊದಲೇ ಬಂದು ಮಾತಾಡಿ ಎಂದು ಡಾಕ್ಟರು ಹೇಳಿದ್ದನ್ನೂ ನೆನಪಿಸಿದೆ.

ಹುಟ್ಟಿದ ಮಗುವಿನ ಹಿಮ್ಮಡಿಯಿಂದ ಎರಡು ಹನಿ ರಕ್ತ ತೆಗೆದು ಇಂಥ ಅನೇಕ ತೊಂದರೆಗಳನ್ನು ಹುಡುಕಬಹುದು. ನಮ್ಮಲ್ಲಿ ಅದಿನ್ನೂ ಎಲ್ಲ ಮಕ್ಕಳಿಗೂ ಆಗುತ್ತಿಲ್ಲ. ಆದರೂ ಸಿಟ್ರಿನ್ ಕೊರತೆ ಆ ಪರೀಕ್ಷೆಯ ಕಣ್ಣನ್ನೂ ತಪ್ಪಿಸುವುದುಂಟಂತೆ. ಆದ್ದರಿಂದ ಎರಡು ವಾರ ಕಳೆದರೂ ಇಳಿಯದ ಕಾಮಾಲೆಯನ್ನು ದಯವಿಟ್ಟು ಡಾಕ್ಟರಿಗೆ ತೋರಿಸಿ, ಎಲೆ ಕಟ್ಟಿಸಿ ಸುಮ್ಮನಾಗಬೇಡಿ.

ಪುಟ್ಟನಿಗೆ ಈಗ ಏಳು. ಮುದ್ದೆ ಚಿಕ್ಕದು, ಕಾಳು ಜಾಸ್ತಿ, ದಿನಕ್ಕೊಂದು ಮೊಟ್ಟೆ, ಕಡ್ಲೆಕಾಯಿಗೆ ಲೆಕ್ಕವಿಲ್ಲ. ತೂಕ ಏರುತ್ತಿದೆ. ಬೆಂಗಳೂರಿನ ಡಾಕ್ಟರು ಇಂಗ್ಲಿಷಿನಲ್ಲಿ ಒಂದು ಪತ್ರ ಕೊಟ್ಟಿದ್ದಾರೆ: ಈ ಮಗುವಿಗೆ ಗ್ಲೂಕೋಸ್ ಹಾಕುವ ಮುನ್ನ ಅಮೋನಿಯಾ ನೋಡಿ, ಈ ನಂಬರಿಗೆ ಫೋನ್ ಮಾಡಿ ಎಂದು. ಅದನ್ನು ನಾನು ಕನ್ನಡದಲ್ಲೂ ಬರೆದು, ಕಾಲೇಜಿನ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಐದು ಪ್ರತಿ ಲ್ಯಾಮಿನೇಟ್ ಮಾಡಿಸಿದೆ. ಒಂದು ಅವನ ಸ್ಕೂಲ್ ಬ್ಯಾಗಿನಲ್ಲಿದೆ, ಒಂದು ಅವನ ಟೀಚರ ಬಳಿ, ಒಂದು ಅವನನ್ನು ಶಾಲೆಗೆ ಬಿಡುವ ಆಟೊದಲ್ಲಿ, ಒಂದು ಚಿಕ್ಕಮ್ಮನ ಪರ್ಸಿನಲ್ಲಿ.

ಐದನೆಯದನ್ನು ಅಜ್ಜಿ ಕೇಳಿ ತೆಗೆದುಕೊಂಡರು. ಅವರಿಗೆ ಓದಲು ಬರುವುದಿಲ್ಲ. ಅಡುಗೆಮನೆಯಲ್ಲಿ, ಕಡ್ಲೆಕಾಯಿ ಡಬ್ಬದ ಹಿಂದೆ ಒರಗಿಸಿ ಇಟ್ಟಿದ್ದಾರೆ.